ಸಣ್ಣ ನರ

ನನ್ನ ಕಾಯಿಲೆಗೆ ಹೆಸರು ಸಿಕ್ಕ ದಿನ ಮನೆಯವರೆಲ್ಲ ಖುಷಿಪಟ್ಟರು, ನನ್ನನ್ನೊಬ್ಬಳನ್ನು ಬಿಟ್ಟು.

ಎರಡು ವರ್ಷದಿಂದ ಅಂಗಾಲು ಉರಿಯುತ್ತಿತ್ತು. ನೋಡಿದರೆ ಕೆಂಪಿಲ್ಲ, ಬಾವಿಲ್ಲ. ಸೀರೆಯ ಅಂಚು ತಾಗಿದರೆ ಮಾತ್ರ ಕೆಂಡ ತಾಗಿದಂತೆ. ಬೇಸಿಗೆಯಲ್ಲಿ ಇಡೀ ಜೇವರ್ಗಿ ಬೆವರಿನಲ್ಲಿ ತೊಯ್ದರೂ ನನಗೆ ಒಂದು ಹನಿ ಬೆವರಿಲ್ಲ. ಥಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ. ಈಚೆಗೆ ಅಂಗೈಗೆ ಚಹಾ ಲೋಟದ ಬಿಸಿಯೂ ತಿಳಿಯುತ್ತಿರಲಿಲ್ಲ. ನರಕ್ಕೆ ಕರೆಂಟು ಕೊಟ್ಟು ನೋಡಿದರು, ನಾರ್ಮಲ್. ಸಕ್ಕರೆ, ನಾರ್ಮಲ್. ಇಷ್ಟೊಂದು ನಾರ್ಮಲ್ ಆದ ಹೆಂಗಸು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಕೊನೆಗೆ ಕಲಬುರಗಿಯ ಡಾಕ್ಟರೊಬ್ಬರು ಕಾಲಿನಿಂದ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. 'ಸ್ಮಾಲ್ ಫೈಬರ್ ನ್ಯೂರೋಪತಿ' ಎಂದರು. ನೋವು, ಬಿಸಿ, ತಂಪು ತಿಳಿಸುವ ಸಣ್ಣ ನರಗಳು ಹಾಳಾಗಿವೆ, ಕರೆಂಟಿನ ಪರೀಕ್ಷೆ ದೊಡ್ಡ ನರಗಳನ್ನಷ್ಟೇ ನೋಡುತ್ತದೆ ಎಂದು ಬಿಡಿಸಿ ಹೇಳಿದರು.

ನನ್ನ ಗಂಡ ಸಿದ್ದರಾಮೇಶ ಮನೆಯ ಬಾಗಿಲಲ್ಲೇ ಕೂಗಿದರು. "ಯವ್ವಾ, ಸ್ಮಾಲ್ ಅಂತ! ಸಣ್ಣದದ."

"ಸಣ್ಣದಿದ್ರ ಬಿಡಪ್ಪ, ನಾ ಏನೋ ಅಂತ ಅಂಜಿದ್ದೆ," ಎಂದರು ಅತ್ತೆ ಗುರುಶಾಂತಮ್ಮ.

"ಸಣ್ಣದು ಜಡ್ಡಲ್ರಿ, ನರ," ಎಂದೆ ನಾನು. ಕೋಣದ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಂದಿನಿಂದ ನಾನು ಒಂದು ಗಳಿಗೆ ಕೂತರೂ ಅತ್ತೆ, "ಬಸವೇಶ್ವರಿ, ಸಣ್ಣದನ್ನ ಎಷ್ಟ್ ದೊಡ್ಡದು ಮಾಡ್ತೀಬೇ!" ಎನ್ನುತ್ತಿದ್ದರು.

ಪೂರ್ತಿ ವಾಸಿಯಾಗುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಆ ಆಸೆಯನ್ನು ಅಲ್ಲೇ ಬಿಟ್ಟು ಬಂದಿದ್ದೆ. ಉರಿಯುತ್ತದೆ ಎಂದರೆ ಹೌದು ಎನ್ನುವ ಒಬ್ಬರು ಮನೆಯಲ್ಲಿ ಬೇಕಿತ್ತು, ಅಷ್ಟೇ. ಒಂದೇ ಮಂಚದಲ್ಲಿ ಮಲಗಿ, ಕಾಲು ಹೊದಿಕೆಯ ಹೊರಗಿಟ್ಟು, ಗಂಡನ ಬೆನ್ನು ನೋಡುತ್ತಿದ್ದೆ. ಇಷ್ಟು ಜನರಿರುವ ಮನೆಯಲ್ಲಿ ನಾನು ಒಂಟಿಯಾಗಿದ್ದೆ.

ನಾದಿನಿ ಭಾಗ್ಯಜ್ಯೋತಿಯ ಕುಬಸ ನಮ್ಮ ಮನೆಯಲ್ಲೇ ನಡೆಯಿತು. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬಲು ಇಜೇರಿಯಿಂದ ಬೀಗರು ಬಂದಿದ್ದರು. ಹಿತ್ತಲಲ್ಲಿ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುವ ಕೆಲಸ ನನ್ನದು. ಸಣ್ಣ ಜಡ್ಡಿನವಳಿಗೆ ಸಣ್ಣ ಕೆಲಸ.

"ಬಸವೇಶ್ವರಿ, ನೀರು!" ಎಂದು ಯಾರೋ ಕರೆದರು. ಥಟ್ಟನೆ ಎದ್ದೆ. ಕಣ್ಣಿಗೆ ಕತ್ತಲೆ ಬಂದು ಕುಸಿದೆ, ಕೈಗೆ ಏನೋ ಗಟ್ಟಿಯಾದದ್ದು ಸಿಕ್ಕಿತು, ಊರಿದೆ. ಒಲೆಯ ಕಟ್ಟೆ ಅಂದುಕೊಂಡೆ. ಸುಟ್ಟ ವಾಸನೆ ಬಂತು. ರೊಟ್ಟಿ ಸೀದಿತಲ್ಲ ಎಂದೂ ಅಂದುಕೊಂಡೆ.

ಚೀರಿದವರು ಅತ್ತೆ. ನನ್ನ ಅಂಗೈ ಕಾದ ಹಂಚಿನ ಮೇಲಿತ್ತು.

ಗಂಡ ಓಡಿ ಬಂದು ಕೈಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಹಿಡಿದರು. ಅವರ ಕಣ್ಣು ತುಂಬಿತ್ತು. "ಎಷ್ಟ್ ಉರಿಯಾಕತ್ತದೋ ಏನೋ ನಿನಗ!" ಎಂದರು.

ಎರಡು ವರ್ಷ ಕಾದ ಮಾತು. ಅದು ಬಂದದ್ದು ಉರಿಯದ ಕೈಗೆ.

"ಕೈ ಉರಿಯಂಗಿಲ್ರಿ. ಕಾಲು..." ಎಂದೆ.

"ಸುಮ್ನಿರು. ಗಾಬರಿಗೆ ಏನೇನೋ ಅನ್ನಾಕತ್ತೀದಿ."

ಕೈಗೆ ಪಟ್ಟಿ ಕಟ್ಟಿಸಿ ಕರೆತಂದು ಪಡಸಾಲೆಯ ಮಂಚದಲ್ಲಿ ಮಲಗಿಸಿದರು. ಹಿತ್ತಲಲ್ಲಿ ಮತ್ತೆ ರೊಟ್ಟಿಯ ಸದ್ದು ಶುರುವಾಗಿತ್ತು. ಗಂಡ ಮಾತ್ರ ಎದ್ದು ಹೋಗಲಿಲ್ಲ. ಅತ್ತೆ ಹೊಲಿದ ಕೌದಿ ತಂದು, ನನ್ನ ಎರಡೂ ಕಾಲಿಗೆ ಮೆತ್ತಗೆ ಹೊದಿಸಿ, ಅಂಚು ಅಂಗಾಲಿನ ಕೆಳಗೆ ಮಡಚಿದರು. ಕೌದಿಯ ಒಂದೊಂದು ಹೊಲಿಗೆಯೂ ಸುಡುತ್ತಿತ್ತು. ಕಾಲ ಹತ್ತಿರ ಕೂತು, ಕೌದಿಯ ಮೇಲೆ ಕೈಯಿಟ್ಟರು.

"ಬೆಚ್ಚಗಾತೇನು?"

ಉರಿಯುತ್ತದೆ ಎಂದರೆ ಕೌದಿ ತೆಗೆಯುತ್ತಿದ್ದರು, ಎದ್ದೂ ಹೋಗುತ್ತಿದ್ದರು.

"ಹೌದ್ರಿ," ಎಂದೆ. "ಇನ್ನೊಂದೀಟು ಕೂಡ್ರಿ."