ಹಿಂಗಾಲು ಹಿಡಿಯುವವರು

“ಮೂಸಿ ನೋಡ್ಲೇ. ಏನು ನಾತ ಬರ್ತೈತೆ?”

ಬಡೇಸಾಬ್ ತನ್ನ ಅಂಗೈಯನ್ನು ತಾನೇ ಮೂಸಿ ನೋಡಿದ. ಸಾಬೂನಿನ ವಾಸನೆ ಬಂತು. ಹಾಗೆಂದು ಹೇಳಿದ.

“ನಿನ್ನ ಮೂಗು ಸತ್ತೋಗೈತೆ ಬೋಳಿಮಗನೆ. ಇನ್ನೊಂದ್ಸಲ ತಿಕ್ಕು. ಒಳಗೆ ದೊಡ್ಡೋರು ಕುಂತಾರೆ.”

ಬಡೇಸಾಬ್ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಮೂರನೇ ಸಲ ಕೈ ತಿಕ್ಕಿದ. ತಲೆಯ ಮೇಲೆ ನಿಂತು ಉಸ್ತುವಾರಿ ಮಾಡುತ್ತಿದ್ದ ಗುರುಪ್ರಕಾಶನಿಗೆ ಆ ಕೈಯ ವಾಸನೆ ಹೊಸದೇನಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಅವನ ಫೋನು ಬರುತ್ತಿತ್ತು. ‘ಲಿವರ್ ಎತ್ತಿಡು, ಕಪ್ಪು ಕವರ್‌ನಾಗೆ ಕಟ್ಟು, ಹೆಸರು ಹಿಡಿದು ಕೂಗಬ್ಯಾಡ.’ ಆದರೆ ಇವತ್ತು ಶನಿವಾರ. ವಾರದ ಉಳಿದ ಆರು ದಿನ ಗುರುಪ್ರಕಾಶ ಅಪ್ಪನ ಮಗ.

ಅಪ್ಪ ಪಂಚಾಕ್ಷರಪ್ಪ ಶಿರಾಳಕೊಪ್ಪದ ಅಕ್ಕಿಗಿರಣಿಯ ಯಜಮಾನರು. ಮಾಂಸದ ಮಾರುಕಟ್ಟೆಯ ಕಮಿಟಿಗೂ ಅಧ್ಯಕ್ಷರು. ಏಳು ತಲೆಮಾರಿನಿಂದ ಮಾಂಸ ಮುಟ್ಟದ ಮನೆತನ, ಹಾಗಾಗಿ ಯಾವ ಅಂಗಡಿಯ ಕಡೆಗೂ ವಾಲುವುದಿಲ್ಲ ಎಂದು ಊರು ಅವರನ್ನೇ ಆರಿಸಿತ್ತು. ಅವತ್ತು ಬೆಳಿಗ್ಗೆ ಬಡೇಸಾಬ್ ಮೂರು ಕುರಿ ಹೊಡೆದುಕೊಂಡು ಅಂಗಡಿಗೆ ಹೋದರೆ ಬಾಗಿಲಿಗೆ ಹೊಸ ಬೀಗ. ಅಕ್ಕಪಕ್ಕದ ಅಂಗಡಿಗಳೆಲ್ಲ ತೆರೆದಿದ್ದವು. ‘ಗೌಡ್ರ ಮನೆಗೆ ಹೋಗ್ಬೇಕಂತೆ ನೀನು,’ ಅಂದರು. ‘ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ರೆ ಬೀಗ ತೆಗೀತಾರಂತೆ. ಇಲ್ಲಂದ್ರೆ ಅಂಗಡಿ ಬೇರೆಯೋರಿಗೆ.’

ಮೂವತ್ತೈದು ವರ್ಷದ ಅಂಗಡಿ. ಕುರಿಗಳನ್ನು ಬೇವಿನ ಮರಕ್ಕೆ ಕಟ್ಟಿ ಬಂದಿದ್ದ.

ನಡುಮನೆಯಲ್ಲಿ ಮೂರು ಕುರ್ಚಿ, ಮೂರರಲ್ಲೂ ಜನ. ಪಂಚಾಕ್ಷರಪ್ಪ, ಕಾಲೇಜಿನ ಲೆಕ್ಚರರ್ ಶರತ್, ಬಟ್ಟೆ ಅಂಗಡಿಯ ಅರ್ಫಾತ್ ಸೇಠ್. ಗೋಡೆಯ ಮೇಲೆ ಪಂಚಾಕ್ಷರಪ್ಪನ ತಮ್ಮ ಸಂಗಮೇಶನ ಫೋಟೊ, ಅದರ ಕೆಳಗೆ ಬ್ಯಾನರು: ‘ಸಂಗಮೇಶ್ ನ್ಯಾಯ ಹೋರಾಟ ಸಮಿತಿ. ಹಂತಕನಿಗೆ ಗಲ್ಲು ಗಲ್ಲು.’ ಬಡೇಸಾಬ್ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತ. ಕೂರು ಎಂದು ಯಾರೂ ಹೇಳಿರಲಿಲ್ಲ, ನಿಲ್ಲು ಎಂದೂ ಹೇಳಿರಲಿಲ್ಲ.

ಸಂಗಮೇಶ ಸತ್ತ ಸಂಗತಿ ತಾಲ್ಲೂಕಿಗೆಲ್ಲ ಗೊತ್ತಿತ್ತು. ಅಂಜನಾಪುರದ ಚಾನಲ್ಲಿನ ಕೆಳಗೆ ಅವನ ಮೆಕ್ಕೆಜೋಳದ ಹೊಲ. ಅಲ್ಲಿ ಸೊರಬದ ಕಡೆಯ ಹೊಸಬಾಳೆಯಿಂದ ಬಂದ ರಾಮಪ್ಪ, ಅವನ ಮಗ ರಾಜು ಸಂಬಳಕ್ಕಿದ್ದರು. ಒಂದು ಬೆಳಿಗ್ಗೆ ರಾಮಪ್ಪ ಮೋಟರ್ ಮನೆಯೊಳಗೆ ಸುಟ್ಟ ಕೈಯ ಹೆಣವಾಗಿ ಬಿದ್ದಿದ್ದ. ಕುಡಿದು ಮೋಟರ್ ಮುಟ್ಟಿದ ಎಂದಾಯಿತು. ‘ಹುಟ್ಟು ಸಾವು ಶಿವನ ಕೈಯಾಗಿನವು, ಮನುಷ್ಯ ಅದರಾಗೆ ಕೈ ಹಾಕಬಾರದು’ ಎಂದು ಪಂಚಾಕ್ಷರಪ್ಪ ಹೆಣದ ಮುಂದೆ ಕೂತು ರಾಜುವಿಗೆ ಬುದ್ಧಿ ಹೇಳಿದ್ದರು. ಹುಡುಗ ಒಂಬತ್ತು ದಿನ ಅದನ್ನು ಯೋಚಿಸಿದ. ಹತ್ತನೇ ದಿನ ಸಂಗಮೇಶನ ತಲೆಗೆ ಗುದ್ದಲಿ ಹಾಕಿದ. ಮೊನ್ನೆ ಗುರುವಾರ ಕೋರ್ಟು ಅವನನ್ನು ಅಪರಾಧಿ ಎಂದಿತ್ತು. ಸೋಮವಾರ ಶಿಕ್ಷೆ ಎಷ್ಟೆಂಬ ವಾದ.

ಶರತ್ ಕನ್ನಡಕ ಏರಿಸಿ, ಹೆಬ್ಬೆಟ್ಟು ಬೀಳಬೇಕಿದ್ದ ಕಾಗದವನ್ನು ಕ್ಲಾಸಿನಲ್ಲಿ ಓದುವಂತೆ ಓದಿದ: “…ಅಪರಾಧಿಗೆ ಮರಣದಂಡನೆಯನ್ನೇ ವಿಧಿಸಬೇಕೆಂದೂ, ಗಲ್ಲಿಗೇರಿಸುವ ಸಿಬ್ಬಂದಿಯ ಕೊರತೆ ಇದ್ದ ಪಕ್ಷದಲ್ಲಿ, ವೃತ್ತಿಯಿಂದ ಕಟುಕನಾದ ಬಡೇಸಾಬ್ ಎಂಬ ನಾನು ಸ್ವಇಚ್ಛೆಯಿಂದ ಸದರಿ ಸೇವೆಗೆ ಸಿದ್ಧನಿರುವೆನೆಂದೂ…”

“ನಾನಾ?” ಅಂದ ಬಡೇಸಾಬ್.

“ನೀನಲ್ದೆ ನಿಮ್ಮಪ್ಪನಾ?” ಅಂದ ಗುರುಪ್ರಕಾಶ. “ಟೀವಿಯಾಗೆ ಬಂದಿತ್ತು. ನೇಣಿಗೆ ಹಾಕೋ ಆಳೇ ಸಿಗಲ್ವಂತೆ. ಅದೇ ನೆಪ ಮಾಡ್ಕೊಂಡು ಆ ಸೂಳೆಮಗನ್ನ ಉಳಿಸಬಾರ್ದು.”

“ನಾನು ಕುರಿ ಕೊಯ್ಯೋನು ಸಣ್ಣಗೌಡ್ರೆ.”

“ಕುತ್ತಿಗೆ ಯಾರದ್ದಾದ್ರೂ ಕುತ್ತಿಗೇನೇ.”

ಪಂಚಾಕ್ಷರಪ್ಪ ಕೈ ಎತ್ತಿ ಮಗನನ್ನು ಸುಮ್ಮನಾಗಿಸಿದರು. ಅವರಿಗೆ ಒರಟು ಮಾತು ಆಗುತ್ತಿರಲಿಲ್ಲ. “ನೋಡಪಾ ಬಡೇಸಾಬ್, ಇದು ಸೇಡಲ್ಲ, ಧರ್ಮ. ಕೊಂದೋನಿಗೆ ರಾಜದಂಡ ಬಿದ್ರೆ ಅವನ ಪಾಪ ಇಲ್ಲೇ ತೊಳ್ಕೊಂಡು ಹೋಗ್ತೈತೆ. ಮುಂದಿನ ಜನ್ಮದಾಗೆ ಹಗುರಾಗಿ ಹುಟ್ತಾನೆ. ಒಂದು ರೀತಿಯಾಗೆ ನಾವು ಆ ಹುಡುಗನಿಗೆ ಉಪಕಾರ ಮಾಡ್ತಿರೋದು.”

“ಅವನಿಗೆ ಅದು ತಿಳ್ಸೀರಾ ಗೌಡ್ರೆ?”

“ನಮ್ಮ ಕಿತಾಬಿನಾಗೂ ಜೀವಕ್ಕೆ ಜೀವ ಅಂತಾನೇ ಐತೆ ಭಾಯಿ,” ಎಂದು ಅರ್ಫಾತ್ ಸೇಠ್ ನಡುವೆ ಬಾಯಿ ಹಾಕಿದ. ಅವನ ಬಟ್ಟೆ ಅಂಗಡಿ ಇದ್ದದ್ದು ಪಂಚಾಕ್ಷರಪ್ಪನ ಕಾಂಪ್ಲೆಕ್ಸಿನಲ್ಲಿ.

“ಐತೆ ಸೇಠ್. ಸತ್ತೋರ ಮನೆಯೋರು ಮಾಫ್ ಮಾಡಿದ್ರೆ ಅದು ಇನ್ನೂ ದೊಡ್ಡ ಪುಣ್ಯ ಅಂತಾನೂ ಐತಲ್ಲ. ಮಸೀದಿಯಾಗೆ ಇಬ್ರೂ ಒಂದೇ ಸಾಲಿನಾಗೆ ಕುಂತು ಕೇಳಿದ್ವಿ.”

“ಅದೆಲ್ಲ ಓದಿದೋರ ಮಾತು. ನಿನಗ್ಯಾಕೆ?”

“ಕೊಯ್ಯೋದು ಅಷ್ಟೇ ನನಗಾ?”

“ಧರ್ಮ ಬಿಡ್ರಿ,” ಅಂದ ಶರತ್. ಅವನು ಧರ್ಮ ಬಿಟ್ಟವನೆಂದು ಕಾಲೇಜಿನಲ್ಲಿ ಹೆಸರು ಮಾಡಿದ್ದ. “ವೈಜ್ಞಾನಿಕವಾಗಿ ನೋಡಿ. ಒಬ್ಬನಿಗೆ ಗಲ್ಲಾದರೆ ನೂರು ಜನ ಹೆದರುತ್ತಾರೆ. ಕೆಲಸದವರೆಲ್ಲ ಗುದ್ದಲಿ ಎತ್ತುತ್ತಾ ಹೋದರೆ ಕೃಷಿಯ ಗತಿ ಏನು? ಸಮಾಜದ ಆರೋಗ್ಯದ ಪ್ರಶ್ನೆ ಇದು.”

ಬಡೇಸಾಬನಿಗೆ ನಗು ಬಂತು. ನಗುವ ಜಾಗ ಇದಲ್ಲವೆಂದು ಕೆಮ್ಮಿದ.

“ಮೇಷ್ಟ್ರೆ, ಒಂದು ಕೇಳ್ಲಾ? ನಾವು ಕುರಿ ಕಣ್ಣೆದುರಿಗೆ ಚೂರಿ ಮಸೆಯಲ್ಲ. ಒಂದು ಕುರಿ ನೋಡ್ತಿರೋವಾಗ ಇನ್ನೊಂದನ್ನ ಕೊಯ್ಯಲ್ಲ. ನೀರು ಕುಡಿಸಿ, ಮೈ ಸವರಿ, ಅದಕ್ಕೆ ಗೊತ್ತಾಗೋದ್ರೊಳಗೆ ಮುಗಿಸ್ಬೇಕು. ಅದು ಕಟ್ಟಳೆ. ನಿಮ್ಮ ಜೈಲಿನಾಗೆ ಹತ್ತು ವರ್ಷ, ಹನ್ನೆರಡು ವರ್ಷ ಗಲ್ಲಿಗೆ ಕಾಯೋನ ಕಣ್ಣೆದುರಿಗೇ ಮಸೀತಾ ಕುಂತಿರ್ತಾರಂತಲ್ಲ. ಅದು ಯಾವ ವಿಜ್ಞಾನ?”

“ಹಲ್ಕಟ್ ನನ್ಮಗ, ಪಾಠ ಹೇಳಾಕೆ ಬಂದ,” ಅಂದ ಗುರುಪ್ರಕಾಶ. ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದು ಟೀಪಾಯಿಯ ಮೇಲೆ ಕುಕ್ಕಿದ. ಅದರ ಪಕ್ಕ ಮಸಿಯ ಪ್ಯಾಡು, ಅದರ ಪಕ್ಕ ಕಾಗದ. “ಒತ್ತು. ತಗೊಂಡು ತೊಲಗು.”

ಮೂರನ್ನೂ ಬಡೇಸಾಬ್ ನೋಡಿದ. ಮರದ ಕೆಳಗಿನ ಕುರಿಗಳಿಗೆ ನೀರಿಟ್ಟು ಬಂದಿರಲಿಲ್ಲ. ಮನೆಯಲ್ಲಿ ಅಫ್ಸರ್ ಬೇಗಂ, ‘ಏನು ಕೇಳಿದ್ರೂ ಹೂಂ ಅಂದು ಬಾ, ನಮಗ್ಯಾಕೆ ದೊಡ್ಡೋರ ಉಸಾಬರಿ’ ಎಂದು ಕಳಿಸಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

“ಒತ್ತುತೀನಿ ಗೌಡ್ರೆ,” ಅಂದ. “ಆದ್ರೆ ನಮ್ಮ ಕಸುಬಿನಾಗೆ ಒಂದು ಐತೆ. ನಮ್ಮಪ್ಪ, ನಮ್ಮಜ್ಜ ಬಿಡದಂಗೆ ಮಾಡ್ಕೊಂಡು ಬಂದಿದ್ದು. ಹರಕೆ ಕುರಿ ಕೊಯ್ಯಾಕೆ ಊರೂರಿಗೆ ಕರೀತಾರಲ್ಲ, ಯಾರದ್ದು ಹರಕೆಯೋ ಅವರೇ ಬಂದು ಕುರಿ ಹಿಂಗಾಲು ಹಿಡೀಬೇಕು. ಆಳು ಹಿಡಿದ್ರೆ ನಡೆಯಲ್ಲ. ಯಜಮಾನನೇ ಹಿಡೀಬೇಕು. ಜೀವ ಹೋಗೋವಾಗ ಒದಿತೈತಲ್ಲ, ಆ ಒದೆತ ಕೈಗೆ ಗೊತ್ತಾಗ್ಬೇಕು. ಇಲ್ಲಂದ್ರೆ ನಾವು ಚೂರಿ ಎತ್ತಲ್ಲ. ಈ ಹುಡುಗನ್ನ ಗಲ್ಲಿಗೆ ಹಾಕ್ಬೇಕು ಅನ್ನೋದು ನಿಮ್ಮ ಹರಕೆ. ಕಾಲು ಹಿಡಿಯೋರು ಯಾರು ಅಂತ ಕಾಗದದಾಗೆ ಬರೀರಿ. ನಾನು ಅದರ ಕೆಳಗೆ ಒತ್ತುತೀನಿ.”

ಶರತ್ ಪೆನ್ನಿನ ಮುಚ್ಚಳ ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡ.

“ಎದೆ ಮೇಲೆ ಲಿಂಗ ಕಟ್ಟಿದೋರು ನಾವು,” ಎಂದರು ಪಂಚಾಕ್ಷರಪ್ಪ, ನಿಜವಾಗಿಯೂ ನೊಂದವರಂತೆ. “ಜೀವ ತೆಗೆಯೋದಕ್ಕೆ ಕೈ ಹಚ್ಚಾಕಾಗ್ತೈತಾ?”

“ತಾತ್ವಿಕವಾಗಿ ಬೆಂಬಲಿಸೋದು ಬೇರೆ, ಖುದ್ದಾಗಿ ಭಾಗವಹಿಸೋದು ಬೇರೆ,” ಅಂದ ಶರತ್.

“ನನಗೆ ಬೀಪಿ ಐತೆ,” ಅಂದ ಅರ್ಫಾತ್ ಸೇಠ್.

ಬಡೇಸಾಬ್ ಗುರುಪ್ರಕಾಶನ ಕಡೆ ನೋಡಿದ. ಗುರುಪ್ರಕಾಶ ಅಪ್ಪನ ಕಡೆ ನೋಡಿದ. ಪಂಚಾಕ್ಷರಪ್ಪ ಒಂದು ಗಳಿಗೆ ಹಣೆಯ ವಿಭೂತಿಯನ್ನು ಬೆರಳಿನಿಂದ ಮುಟ್ಟಿಕೊಂಡು ಯೋಚಿಸಿದರು. ಆಮೇಲೆ ಅವರ ಮುಖ ಬೆಳಗಿತು.

“ಅಲ್ಲಯ್ಯ, ಹರಕೆ ನಮ್ಮದು ಹೆಂಗಾಗ್ತೈತೆ? ಗಂಡನ್ನ ಕಳ್ಕೊಂಡೋಳು ಅವಳು. ಹರಕೆ ಅವಳದ್ದು.” ಅಡಿಗೆಮನೆಯ ಕಡೆ ತಿರುಗಿ ಕೂಗಿದರು. “ನೀಲವ್ವಾ! ಚಾ ತಗೊಂಡು ಬಾ ಇಲ್ಲಿ.”

ಸಂಗಮೇಶನ ಹೆಂಡತಿ ನೀಲಾಂಬಿಕ ತಟ್ಟೆ ಹಿಡಿದು ಬಂದಳು. ಸಮಿತಿ ಆರು ತಿಂಗಳಿಂದ ಅವಳ ಹೆಸರಲ್ಲಿ ಹೋರಾಡುತ್ತಿತ್ತು, ಅವಳ ಚಹಾ ಕುಡಿಯುತ್ತಿತ್ತು. ತಟ್ಟೆಯಲ್ಲಿ ಮೂರು ಪಿಂಗಾಣಿ ಬಟ್ಟಲು, ಬಡೇಸಾಬನಿಗೆ ಒಂದು ಪೇಪರ್ ಕಪ್ಪು.

“ಏನಿಲ್ಲವ್ವ,” ಎಂದರು ಪಂಚಾಕ್ಷರಪ್ಪ. “ಈ ಸಾಬಂದು ಏನೋ ಒಂದು ಪದ್ಧತಿಯಂತೆ. ಕಾಲು ಹಿಡಿಯೋರು ಬೇಕಂತೆ. ಬರೀ ಕಾಗದದ ಮೇಲೆ, ನಿಜವಾಗಿ ಅಲ್ಲ. ನಾನು ಹಿಡೀತೀನಿ ಅಂತ ಒಂದು ಸಹಿ ಹಾಕು.”

ಅವಳು ಬಡೇಸಾಬನನ್ನು ಕೇಳಿದಳು. “ಏನು ಸಾಬಣ್ಣ?”

ಅವನು ಮೊದಲಿನಿಂದ ಹೇಳಿದ. ಹರಕೆ, ಯಜಮಾನ, ಹಿಂಗಾಲು. ಒದೆತ ಕೈಗೆ ಗೊತ್ತಾಗಬೇಕು ಎಂಬುದನ್ನೂ. ಅವಳು ತಟ್ಟೆ ಹಿಡಿದೇ ಕೇಳಿದಳು, ಯಾರಿಗೂ ಚಹಾ ಕೊಡಲಿಲ್ಲ.

“ಭಾವ,” ಅಂದಳು ಕೊನೆಗೆ. “ನಾನು ಒಂದು ಸಲ ಹಿಡಿದಾಗೈತಲ್ಲ.”

“ಏನು?”

“ರಾಮಪ್ಪಂದು. ಹಂದಿ ಬರ್ತಾವೆ ಅಂತ ನಮ್ಮನೆಯೋರು ಬೇಲಿ ತಂತಿಗೆ ಕರೆಂಟು ಕೊಟ್ಟಿದ್ರು. ಅವನು ಜೋಳದ ಬದುವಿನಾಗೆ ತಂತಿ ಮೇಲೆ ಬಿದ್ದಿದ್ದ. ಇವರು ರಟ್ಟೆ ಹಿಡಿದ್ರು, ನೀನು ಕಾಲು ಹಿಡಿದು ಎತ್ತೇ ಅಂದ್ರು. ಎತ್ತಿದೆ. ಮೋಟರ್ ಮನೆ ತನಕ ಹೊತ್ಕೊಂಡು ಹೋದ್ವಿ. ಬಾಗಿಲು ತೆಗೆದೋರು ನೀವೇ ಭಾವ.” ಅವಳ ದನಿ ಏರಲಿಲ್ಲ. “ದಾರಿಯಾಗೆ ಅವನ ಕಾಲು ಒಂದು ಸಲ ಅಲ್ಲಾಡ್ತು. ಜೀವ ಐತೆ, ಆಸ್ಪತ್ರೆಗೆ ಒಯ್ಯಾಣ ಅಂದೆ. ಸುಮ್ನೆ ಹಿಡಿಯೇ ಅಂದ್ರು. ಈ ಕೈಗೆ ಗೊತ್ತೈತೆ ಅದು. ಇನ್ನೊಂದು ಸಲ ಹಿಡಿಯಲ್ಲ ನಾನು.”

ಅರ್ಫಾತ್ ಸೇಠ್ ತನ್ನ ಟೋಪಿಯನ್ನು ತೆಗೆದು, ನೋಡಿ, ಮತ್ತೆ ಹಾಕಿಕೊಂಡ.

“ದುಃಖದಾಗೆ ತಲೆ ನೆಟ್ಟಗಿಲ್ಲ ಅವಳಿಗೆ,” ಎಂದರು ಪಂಚಾಕ್ಷರಪ್ಪ. “ಒಳಗೆ ಹೋಗವ್ವ.” ಅವಳು ಹೋಗಲಿಲ್ಲ. ಅವರು ಬೀಗದ ಕೈಯನ್ನು ಒಂದು ಬೆರಳಿನಿಂದ ಬಡೇಸಾಬನ ಕಡೆ ಸರಿಸಿದರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಅವನನ್ನು ಬಹುವಚನದಲ್ಲಿ ಕರೆದರು. “ತಗೊಳ್ರಿ ಬಡೇಸಾಬ್. ಹೆಬ್ಬೆಟ್ಟೂ ಬ್ಯಾಡ, ಏನೂ ಬ್ಯಾಡ. ಕೇಳಿದ್ದು ಇಲ್ಲೇ ಬಿಟ್ಟು ಹೋಗ್ರಿ. ಅಂಗಡಿ ನಿಮ್ಮ ಮಕ್ಕಳ ಕಾಲಕ್ಕೂ ನಿಮ್ಮದೇ.”

ಬಡೇಸಾಬ್ ನೆಲದಿಂದ ಎದ್ದ. ಟೀಪಾಯಿಯ ಹತ್ತಿರ ಹೋಗಿ ಕಾಗದವನ್ನು ಬೋರಲು ಮಾಡಿದ. ಹಿಂಬದಿ ಖಾಲಿ ಇತ್ತು. ಫ್ಯಾನಿನ ಗಾಳಿಗೆ ಹಾರಿಹೋಗದಂತೆ ಬೀಗದ ಕೈಯನ್ನು ಅದರ ಮೂಲೆಗಿಟ್ಟ. ಶರತ್‌ನ ಜೇಬಿನಿಂದ ಪೆನ್ನು ಕಿತ್ತುಕೊಂಡ. ಶರತ್ ತಡೆಯಲಿಲ್ಲ. ಈ ಮನುಷ್ಯನಿಗೆ ಬರೆಯಲು ಬರುತ್ತದೆಂಬುದನ್ನು ಅವನಿಗೆ ಇನ್ನೂ ನಂಬಲಾಗಿರಲಿಲ್ಲ.

“ನಾಲ್ಕನೇ ಕ್ಲಾಸು, ಕನ್ನಡ ಶಾಲೆ,” ಅಂದ ಬಡೇಸಾಬ್, ಯಾರೂ ಕೇಳದಿದ್ದರೂ. “ಹೇಳ್ರಿ ನೀಲಮ್ಮಾರೆ. ಸ್ವಲ್ಪ ನಿಧಾನಕ್ಕೆ. ಸೋಮವಾರ ಕೋರ್ಟಿಗೆ ಕೊಡಾಣ, ಹುಡುಗನ ವಕೀಲರ ಕೈಗೆ.”

“ಲೇ, ನಿನ್ನ ಕೈ ಕತ್ತರಿಸ್ತೀನಿ,” ಎಂದು ಮುಂದೆ ಬಂದ ಗುರುಪ್ರಕಾಶ, ಚಿಕ್ಕಮ್ಮ ನಡುವೆ ತಟ್ಟೆ ಹಿಡಿದು ನಿಂತದ್ದರಿಂದ ನಿಂತ. ಬಿಸಿ ಚಹಾ.

“ಇದಕ್ಕೆ ಸಾಕ್ಷಿ ಯಾರೋ?” ಎಂದರು ಪಂಚಾಕ್ಷರಪ್ಪ.

“ನೀವು ಮೂರು ಮಂದಿ ಕುಂತೇ ಇದ್ದೀರಲ್ಲ ಗೌಡ್ರೆ. ಹೆಸರು ಬರ್ಕೋತೀನಿ.”

ಶರತ್‌ಗೆ ಕ್ಲಾಸು ನೆನಪಾಯಿತು. ಶನಿವಾರ ಮಧ್ಯಾಹ್ನ ಕಾಲೇಜಿಗೆ ರಜೆ. ಅರ್ಫಾತ್ ಸೇಠ್‌ಗೆ ನಮಾಜು ನೆನಪಾಯಿತು. ಅದಕ್ಕಿನ್ನೂ ಒಂದು ಗಂಟೆ ಇತ್ತು. ಇಬ್ಬರೂ ಚಪ್ಪಲಿ ಅದಲುಬದಲು ಮಾಡಿಕೊಂಡು ಹೊರಟರು. ಪಂಚಾಕ್ಷರಪ್ಪ ಮಗನ ರಟ್ಟೆ ಹಿಡಿದು ಎಳೆದುಕೊಂಡು ಕೊನೆಗೆ ಹೋದರು. ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು.

ನೀಲಾಂಬಿಕ ತಟ್ಟೆಯನ್ನು ಕೆಳಗಿಟ್ಟು, ಅಲ್ಲೇ ನೆಲಕ್ಕೆ ಕೂತಳು. ಹೇಳಿದಳು. ಬಡೇಸಾಬ್ ಬರೆದ. ಅಕ್ಷರಗಳು ಒಂದೊಂದೂ ಹೆಬ್ಬೆರಳಿನಷ್ಟು ದಪ್ಪವಾಗಿ ಬಂದವು. ರಾಮಪ್ಪನ ಕಾಲು ಅಲ್ಲಾಡಿದ ಜಾಗಕ್ಕೆ ಬಂದಾಗ ಅವಳು ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು. ಅವನು ಕಾದ.

ಆಗ ಬಾಗಿಲಿನ ಸಂದಿಯಿಂದ ಪಂಚಾಕ್ಷರಪ್ಪನ ದನಿ ಬಂತು, ಮೆತ್ತಗೆ, ಪುರಾಣ ಹೇಳುವವರ ಹಾಗೆ.

“ನೀಲವ್ವಾ, ಆಗಿದ್ದು ಆಗೋಯ್ತು ತಾಯಿ. ಒಂದು ಜೀವಕ್ಕೆ ಇನ್ನೊಂದು ಜೀವ ಅನ್ನೋದು ಯಾವ ದೇವರಿಗೂ ಒಪ್ಪಿಗೆ ಇಲ್ಲ. ಕ್ಷಮಿಸೋದೇ ದೊಡ್ಡ ಧರ್ಮ ಕಣವ್ವ.”

ಬಡೇಸಾಬ್ ಪೆನ್ನು ಎತ್ತಿ ಹಿಡಿದು ಕೇಳಿದ. “ಇದನ್ನೂ ಬರೀಲಾ ಅಮ್ಮಾರೆ?”

“ಬರಿ,” ಅಂದಳು ನೀಲಾಂಬಿಕ. “ಹೊರಗಿನಿಂದ ಚಿಲಕ ಹಾಕಿ ಹೇಳಿದ್ರು ಅಂತಾನೂ ಬರಿ.”