ಬೇಡುವ ಪಾಠ

ಸೆಂಡಕ್ಕನ ಒಲೆಯ ಮೇಲೆ ಪುಟೊ ಬೇಯುವ ಹೊತ್ತಿಗೆಲ್ಲ ಬಾಗಿಲಲ್ಲಿ ಜನ ಸೇರಿಬಿಡುತ್ತಿದ್ದರು. ಅಕ್ಕಿ ಹಿಟ್ಟಿನ ಆ ಕಡುಬನ್ನು ಬಂದರಿನಲ್ಲಿ ಮಾರಿ ಅವಳು ಸಂಸಾರ ತೂಗಿಸುತ್ತಿದ್ದಳು. ಆದರೆ ಕೇರಿಯವರು ಬರುತ್ತಿದ್ದದ್ದು ಕಡುಬಿಗಲ್ಲ. ಒಬ್ಬರ ಕಂಕುಳಲ್ಲಿ ಎಕ್ಸ್‌ರೇ, ಇನ್ನೊಬ್ಬರ ಕೈಯಲ್ಲಿ ಔಷಧದ ಚೀಟಿ. ಸಂಸದರ ಕಚೇರಿಯಿಂದ ಗ್ಯಾರಂಟಿ ಪತ್ರ ಬಂದರೆ ಆಸ್ಪತ್ರೆಯವರು ಖರ್ಚನ್ನು ಸರ್ಕಾರದ ಲೆಕ್ಕಕ್ಕೆ ಹಾಕಿಕೊಳ್ಳುತ್ತಿದ್ದರು. ಪತ್ರವಿಲ್ಲದಿದ್ದರೆ ರೋಗಿಯುಂಟು, ಅವನ ಹಣೆಬರಹವುಂಟು. ನಮ್ಮ ಕೇರಿಯಲ್ಲಿ ಸಂಸದರ ಪರವಾಗಿ ಓಡಾಡುತ್ತಿದ್ದವಳು ಸೆಂಡಕ್ಕನೇ ಆದ್ದರಿಂದ ಯಾರ ಹೆಸರಾದರೂ ಅವಳ ಬಾಯಿಂದಲೇ ಅಲ್ಲಿಗೆ ಹೋಗಬೇಕಿತ್ತು.

"ಮೊದ್ಲು ಕಿವೀದು ಬಿಚ್ಚಿಡು," ಎಂದು ಅವಳು ಹೆಂಗಸರಿಗೆ ಪಾಠ ಶುರು ಮಾಡುತ್ತಿದ್ದಳು. "ವಾಲೆ ನೋಡಿದ್ರೆ ಇವಳಿಗೇನು ಬಡತನ ಅಂತಾರೆ. ಹಳೇ ಬಟ್ಟೆ ಹಾಕ್ಕೊ. 'ಬೇಕು' ಅನ್ಬೇಡ, 'ದಯೆ ತೋರ್ಸಿ' ಅನ್ನು. ಅಳು ಬಂದ್ರೆ ತಡೀಬೇಡ. ಪತ್ರ ಕೈಗೆ ಬಂದ್ಮೇಲೆ ಮಾತ್ರ ನಗಬೇಕು, ಫೋಟೊ ತೆಗೀತಾರೆ."

"ಅತ್ತ ಮುಖದಲ್ಲೇ ನಗೋದು ಹೆಂಗಕ್ಕ?" ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು.

"ಅಳದ ಮಗೂಗೆ ತಾಯೀನೂ ಹಾಲು ಕೊಡಲ್ಲ ಕಣೆ. ಕುಡಿದ್ಮೇಲೂ ಅಳ್ತಾ ಇದ್ರೆ ಯಾವ ತಾಯಿಗೆ ಇಷ್ಟ ಆಗತ್ತೆ?"

ಸೆಂಡಕ್ಕ ಕೆಟ್ಟವಳಲ್ಲ. ಯಾರ ಹತ್ತಿರವೂ ಒಂದು ಲೋಟ ಕಾಫಿಯನ್ನೂ ಮುಟ್ಟಿದವಳಲ್ಲ. ರೋಗಿಗಳ ಜೊತೆ ತಾನೂ ಬಿಸಿಲಲ್ಲಿ ಸಾಲು ನಿಂತು, ಪತ್ರ ಸಿಕ್ಕವರಿಗಿಂತ ಹೆಚ್ಚು ಸಂತೋಷಪಡುತ್ತಿದ್ದಳು. ಸಾಹೇಬರದು ದೊಡ್ಡ ಮನಸ್ಸು ಎಂದು ಮನಸಾರೆ ನಂಬಿದ್ದಳು. ನಾವೂ ಹಾಗೇ ನಂಬಿದ್ದೆವು.

ನಂಬದವನೆಂದರೆ ಎದುರು ಮನೆಯ ಡೆಲ್ಫಿನ್ ಒಬ್ಬನೇ. ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುವವನು. ಹಿಂದಿನ ವರ್ಷ ಅವನ ಹೆಂಡತಿ ಲೂಸಿಂಗ್ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದಾಗ ಸೆಂಡಕ್ಕ ತಾನಾಗಿಯೇ ಹೋಗಿ ಪಾಠ ಹೇಳಿದ್ದಳು. ಅವನು ಸಿಡುಕಿದ್ದ.

"ಆಸ್ಪತ್ರೆ ಏನು ನಿಮ್ಮ ಸಾಹೇಬನ ಅಪ್ಪನ ಮನೆ ಗಂಟಾ? ಸೋಪು ಕೊಂಡ್ರೂ ಪೆಟ್ರೋಲ್ ಹಾಕ್ಸಿದ್ರೂ ನಾನು ತೆರಿಗೆ ಕಟ್ತೀನಿ. ನಂದನ್ನ ನಂಗೆ ಕೊಡೋಕೆ ನಾನ್ಯಾಕೆ ಹಲ್ಲು ಕಿರೀಬೇಕು?"

"ಹಲ್ಲು ಕಿರಿದ್ರೆ ಹಲ್ಲೇನು ಉದುರೋಗಲ್ಲ. ಹೆಂಡ್ತಿ ಉಳೀತಾಳೆ."

ಅವನು ಒಪ್ಪಲಿಲ್ಲ, ಲೂಸಿಂಗ್ ಉಳಿಯಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ. ಜಂಬಕ್ಕೆ ಹೆಂಡ್ತೀನ ಬಲಿ ಕೊಟ್ಟ," ಎಂದು ಸೆಂಡಕ್ಕ ಮಾರುಕಟ್ಟೆಯಲ್ಲಿ ಆಡಿಕೊಂಡದ್ದು ಅವನ ಕಿವಿಗೂ ಬಿತ್ತು. ಅಲ್ಲಿಂದ ಎರಡು ಮನೆಗಳ ನಡುವೆ ಮಾತು ನಿಂತುಹೋಗಿತ್ತು.

ಹೀಗಿರುವಾಗ ಒಂದು ಸೋಮವಾರ, ಕೊಬ್ಬರಿ ಮೂಟೆ ಹೊರುತ್ತಿದ್ದ ಸೆಂಡಕ್ಕನ ಗಂಡ ಪ್ರಿಮೊ ಬಂದರಿನಲ್ಲಿ ಕುಸಿದುಬಿದ್ದ. ಅವನನ್ನು ಎತ್ತಿ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದವನು ಡೆಲ್ಫಿನ್. ಸುದ್ದಿ ಕೇಳಿ ಸೆಂಡಕ್ಕ ಓಡಿಬರುವಷ್ಟರಲ್ಲಿ ಗಂಡನ ಗಂಟಲಿಗೆ ಕೊಳವೆ ಇಳಿಸಿಯಾಗಿತ್ತು.

"ಮಿದುಳಲ್ಲಿ ರಕ್ತಸ್ರಾವ ಆಗಿದೆ," ಎಂದಳು ಯುವ ವೈದ್ಯೆ. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿತ್ತು. "ತಾನಾಗೇ ಉಸಿರಾಡ್ತಿಲ್ಲ. ನಮ್ಮಲ್ಲಿರೋ ವೆಂಟಿಲೇಟರ್ ಒಂದೂ ಖಾಲಿ ಇಲ್ಲ. ಹೊರಗಿಂದ ಬಾಡಿಗೆಗೆ ತರಿಸ್ಬಹುದು, ಅದಕ್ಕೆ ಗ್ಯಾರಂಟಿ ಪತ್ರ ಬೇಕು. ಮೆಷಿನ್ ಬಂದ್ರೆ ಉಳಿಯೋ ಆಸೆ ಇದೆಯಮ್ಮ. ಅಲ್ಲೀವರೆಗೆ ಇದನ್ನ ಒತ್ತಿ, ಬಿಡಿ, ಒತ್ತಿ, ಬಿಡಿ. ನಿಲ್ಲಿಸ್ಬಾರ್ದು."

ಕೊಳವೆಯ ತುದಿಗೆ ಒಂದು ರಬ್ಬರ್ ಚೀಲ. ಅದನ್ನೂ ಮನೆಯವರೇ ಎದುರಿನ ಔಷಧದ ಅಂಗಡಿಯಿಂದ ತರಬೇಕಾಗಿತ್ತು, ಡೆಲ್ಫಿನ್ ತಂದಿದ್ದ. ಸೆಂಡಕ್ಕ ಒತ್ತಿದಳು. ಗಂಡನ ಎದೆ ಮೇಲೆದ್ದಿತು. ಬಿಟ್ಟಳು, ಇಳಿಯಿತು. ಅವಳಿಗೆ ಮಕ್ಕಳಿರಲಿಲ್ಲ. ಪತ್ರಕ್ಕೆ ಹೋಗಬೇಕಾದವಳೂ ಅವಳೇ, ಚೀಲ ಬಿಟ್ಟು ಏಳಬಾರದವಳೂ ಅವಳೇ.

"ಏಳು, ನಾನು ಒತ್ತುತೀನಿ," ಎಂದ ಡೆಲ್ಫಿನ್.

"ನಿಂಗೆ ಬರತ್ತಾ?"

"ಲೂಸಿಂಗ್‌ಗೆ ಒತ್ತಿದ್ದು ಇದೇ ಕೋಣೇಲಿ. ಹೋಗ್ಬಾ."

ಸಂಸದರ ಕಚೇರಿಯ ಗೇಟಿನಲ್ಲಿ ಕಾವಲುಗಾರ ತಲೆಯೆತ್ತದೆ, "ಯಾರ ಕಡೆಯವರು?" ಎಂದ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. "ನಾನು ಕಣೋ, ಸೆಂಡಾ. ಸಾಹೇಬರ ಕಡೆಯವಳು," ಎಂದು ಒಳಹೋದಳು. ಸಾಲಿನಲ್ಲಿ ನಿಂತಾಗ ಕೈ ತಾನಾಗಿ ಕಿವಿಗೆ ಹೋಯಿತು. ಮದುವೆಯ ವರ್ಷ ಪ್ರಿಮೊ ಕೊಡಿಸಿದ್ದ ಓಲೆಗಳನ್ನು ಬಿಚ್ಚಿ ಕರವಸ್ತ್ರದಲ್ಲಿ ಗಂಟು ಹಾಕಿದಳು.

ಮೇಜಿನ ಹಿಂದಿದ್ದವನು ಆರ್ವಿನ್, ಸಂಸದರ ಕಾರ್ಯದರ್ಶಿ. ಅವಳ ಕಡುಬು ತಿಂದು ಬೆಳೆದ ಹುಡುಗ. ವಿಷಯ ಕೇಳಿ ಅವನ ಮುಖ ಸಪ್ಪಗಾಯಿತು.

"ಸಾಹೇಬ್ರು ಮನಿಲಾದಲ್ಲಿದಾರಕ್ಕ. ಶುಕ್ರವಾರ ಮೈದಾನದಲ್ಲಿ ಸಭೆ, ಎಲ್ಲಾ ಪತ್ರಾನೂ ಅವರೇ ಕೈಯಾರೆ ಕೊಡ್ತಾರೆ. ಚುನಾವಣೆ ಬಂತಲ್ಲ. ನಿಮ್ಮ ಹೆಸರೇ ಮೊದ್ಲು ಕರೀತೀವಿ."

"ಶುಕ್ರವಾರದವರೆಗೆ ಉಸಿರು ಹಿಡ್ಕೊಂಡಿರು ಅಂತ ಪ್ರಿಮೊಗೆ ಹೇಳ್ಲಾ?"

"ನಾನೇನ್ಮಾಡ್ಲಿ? ಸಹಿ ಇಲ್ದೆ ಕೊಟ್ರೆ ನನ್ನ ಕೆಲ್ಸ ಹೋಗತ್ತೆ. ಎಲ್ರಿಗೂ ಕೊಡೋಷ್ಟು ಎಲ್ಲಿದೆ ಹೇಳಿ. ಯಾರಿಗೆ ಕೊಡ್ಬೇಕು ಅಂತ ಯಾರಾದ್ರೂ ಆರಿಸ್ಲೇಬೇಕಲ್ಲ. ಸಾಹೇಬ್ರಿಲ್ದೇ ಇದ್ರೆ ಇಷ್ಟೂ ಸಿಗ್ತಿರ್ಲಿಲ್ಲ ಅಂತ ನೀವೇ ಹೇಳ್ತಿದ್ರಿ."

ಹೌದು, ಅವಳೇ ಹೇಳುತ್ತಿದ್ದಳು. ಸೆಂಡಕ್ಕ ಮೇಜು ಹಿಡಿದುಕೊಂಡು, "ದಯೆ ತೋರ್ಸಪ್ಪಾ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಹಿಂದೆ ನಿಂತಿದ್ದ ಹೆಂಗಸೊಬ್ಬಳು ಮಗಳ ಮೈ ತಿವಿದು ಪಿಸುಗುಟ್ಟಿದಳು: "ನೋಡ್ಕೊಳೇ. ಸೆಂಡಕ್ಕನ ಹಂಗೆ ಅಳ್ಬೇಕು."

ಸೆಂಡಕ್ಕನ ಅಳು ಅಲ್ಲೇ ನಿಂತುಹೋಯಿತು. ಇಷ್ಟು ವರ್ಷ ತನ್ನ ಮನೆ ಬಾಗಿಲಿಗೆ ಬಂದವರೆಲ್ಲ ನಿಜವಾಗಿಯೇ ಅತ್ತಿದ್ದರು, ತಾನು ಅದಕ್ಕೆ ತಾಳ ಹಾಕಿಕೊಟ್ಟಿದ್ದೆ ಎಂಬುದು ಆಗ ಹೊಳೆದು, ನಾಚಿಕೆಯಿಂದ ನೆಲ ನೋಡುತ್ತ ಹೊರಬಂದಳು.

ಆಸ್ಪತ್ರೆಯಲ್ಲಿ ಡೆಲ್ಫಿನ್ ಮಣಿಕಟ್ಟಿಗೆ ಟವೆಲ್ ಸುತ್ತಿಕೊಂಡು ಒತ್ತುತ್ತಲೇ ಇದ್ದ. ಅವಳ ಬರಿಗೈ ನೋಡಿ, ಕೂತಲ್ಲೇ ಸರಿದು ಜಾಗ ಕೊಟ್ಟ.

"ನಾನು ಮಾರ್ಕೆಟ್ಟಲ್ಲಿ ಆಡಿದ್ದು ನಿಂಗೆ ಗೊತ್ತು," ಎಂದಳು ಅವಳು, ಚೀಲಕ್ಕೆ ಕೈ ಚಾಚುತ್ತ. "ಆದ್ರೂ ಯಾಕೆ ಬಂದೆ?"

"ಗೊತ್ತು. ನಿನ್ನ ಮುಖ ನೋಡಿದ್ರೆ ಈಗ್ಲೂ ಮೈ ಉರಿಯತ್ತೆ." ಅವನು ಕೈ ಬದಲಾಯಿಸಿದ. "ನಾನೂ ಒಂದಿನ ಹೋಗಿದ್ದೆ ಕಣೆ, ಯಾರಿಗೂ ಹೇಳ್ಲಿಲ್ಲ. ಗೇಟಲ್ಲಿ ಯಾರ ಕಡೆಯವನು ಅಂದ್ರು. ಲೂಸಿಂಗ್ ಕಡೆಯವನು ಅಂದೆ. ನಕ್ಕು ಕಳಿಸಿದ್ರು. ಅವತ್ತು ಸುಳ್ಳಾದ್ರೂ ಹೇಳ್ಬೇಕಿತ್ತು ಅಂತ ಈಗ್ಲೂ ಅನ್ಸತ್ತೆ. ಪ್ರಿಮೊ ಏನು ತಪ್ಪು ಮಾಡಿದಾನೆ? ಸುಮ್ನೆ ಒತ್ತು."

ಇಬ್ಬರೂ ಸರದಿಯ ಮೇಲೆ ಒತ್ತಿದರು. ಕೇರಿಯವರೂ ಬಂದು ಕೈಜೋಡಿಸಿದರು. ಕೈ ಎಷ್ಟಾದರೂ ಕೈಯೇ. ಒಬ್ಬರದು ಬಿರುಸು, ಇನ್ನೊಬ್ಬರದು ನಿಧಾನ, ಮತ್ತೊಬ್ಬರಿಗೆ ಕೂತಲ್ಲೇ ಜೊಂಪು. ಗುರುವಾರ ಬೆಳಕು ಹರಿಯುವಾಗ ಪ್ರಿಮೊನ ನಾಡಿ ನಿಂತಿತು. ಸೆಂಡಕ್ಕ ಒತ್ತುತ್ತಲೇ ಇದ್ದಳು, ಅವನ ಎದೆ ಏಳುತ್ತಲೇ ಇತ್ತು. ವೈದ್ಯೆ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಶನಿವಾರ ಮನೆಯಲ್ಲಿ ಶವಪೆಟ್ಟಿಗೆಯ ಮುಂದೆ ಮೇಣದಬತ್ತಿ ಉರಿಯುತ್ತಿತ್ತು. ಅಂಗಳದಲ್ಲಿ ಗಂಡಸರು ವಾಡಿಕೆಯಂತೆ ಇಸ್ಪೀಟು ಹಾಕಿಕೊಂಡು ಶವಕ್ಕೆ ಕಾವಲು ಕೂತಿದ್ದರು. ಆರ್ವಿನ್ ಬಂದ. ಸಾಹೇಬರ ಹೆಸರು ದಪ್ಪಕ್ಷರದಲ್ಲಿದ್ದ ಪುಷ್ಪಚಕ್ರ, ಒಬ್ಬ ಫೋಟೊಗ್ರಾಫರ್, ಕೈಯಲ್ಲಿ ಸಹಿಯಾದ ಪತ್ರ.

"ನಿನ್ನೆ ನಿಮ್ಮ ಹೆಸರೇ ಮೊದ್ಲು ಕರೆದ್ವಕ್ಕ. ನೀವು ಬರ್ಲಿಲ್ಲ ಅಂತ ನಾನೇ ತಂದೆ. ಪೆಟ್ಟಿಗೆ ಖರ್ಚಿಗೆ ಬದಲಾಯಿಸ್ಕೊಡ್ತಾರಂತೆ. ಒಂದೇ ಒಂದು ಫೋಟೊ..."

"ಪತ್ರ ಯಾರ ಹೆಸರಲ್ಲಿದೆಯಪ್ಪಾ?"

"ಪ್ರಿಮೊ ಅಣ್ಣನ ಹೆಸರಲ್ಲಿ."

"ಅಲ್ಲಿ ಮಲಗಿದಾನಲ್ಲ, ಅವನ ಕೈಗೇ ಕೊಡು. ಫೋಟೊಗೆ ನಗ್ಬೇಕು ಅಂತಾನೂ ಹೇಳು."

ಅಂಗಳದಲ್ಲಿ ಇಸ್ಪೀಟು ನಿಂತಿತು. ಆರ್ವಿನ್ ಪತ್ರವನ್ನು ಜೇಬಿಗೆ ತುರುಕಿಕೊಂಡು, ಫೋಟೊಗ್ರಾಫರನ್ನು ಹೊರಗೆ ಕಳಿಸಿ, ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತ. ಅವನಿಗೂ ಅಳು ಬಂದಿತ್ತು. ಸೆಂಡಕ್ಕ ಅವನಿಗೆ ಕಾಫಿ ಕೊಟ್ಟಳು.

ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಪುಟೊ ಬೆಂದಿತು, ಮತ್ತೆ ಬಾಗಿಲಲ್ಲಿ ಜನ ಸೇರಿದರು. ಮುಂದೆ ನಿಂತಿದ್ದವಳು ಜೊವೆಲಿನ್, ತಾಯಿಯ ಕಿಡ್ನಿ ಕೆಟ್ಟ ಹುಡುಗಿ. ಪಾಠ ಮೊದಲೇ ಗೊತ್ತಿದ್ದರಿಂದ ಬರಿಗಿವಿಯಲ್ಲೇ ಬಂದಿದ್ದಳು.

"ಕಿವೀದು ಹಾಕ್ಕೊ," ಎಂದಳು ಸೆಂಡಕ್ಕ. ಅವಳ ಕಿವಿಯಲ್ಲೂ ಓಲೆಗಳಿದ್ದವು. "ಇವತ್ತು ಪ್ರಾಂತ್ಯದ ಸಭೆ ಇದೆ. ಆಸ್ಪತ್ರೆ ದುಡ್ಡು ಹಂಚೋದು ಅಲ್ಲಿ. ಜನ ಹೋಗಿ ಮಾತಾಡ್ಬಹುದಂತೆ. ಹೋಗೋಣ."

"ಪತ್ರ ತಪ್ಪಿಹೋದ್ರೆ ಅಕ್ಕ? ಅಮ್ಮ..."

"ಪತ್ರಕ್ಕೆ ನಾಳೆ ಹೋಗು, ಬೇಡ ಅನ್ನಲ್ಲ. ಅಮ್ಮನ್ನ ಪಣಕ್ಕಿಡ್ಬೇಡ. ಇವತ್ತು ನನ್ನ ಜೊತೆ ಬಾ."

ಎಲ್ಲರೂ ಬರಲಿಲ್ಲ. ಬಂದವರು ಡೆಲ್ಫಿನ್‌ನ ಗಾಡಿಯಲ್ಲಿ ಒತ್ತಿಕೊಂಡು ಕೂತರು. ಸಭೆಯ ಗೇಟಿನಲ್ಲೂ ಕಾವಲುಗಾರ ಅದನ್ನೇ ಕೇಳಿದ: "ಯಾರ ಕಡೆಯವರು?"

"ಯಾರ ಕಡೆಯವರೂ ಅಲ್ಲಪ್ಪ," ಎಂದಳು ಸೆಂಡಕ್ಕ. "ಈ ಪ್ರಾಂತ್ಯದವರು."

ಅವನು ಅವರನ್ನೊಮ್ಮೆ ನೋಡಿ ಬಾಗಿಲು ಬಿಟ್ಟ. ಕಡೆಯಲ್ಲಿ ಅವಳ ಸರದಿ ಬಂದಾಗ ಸಭಾಧ್ಯಕ್ಷರು ಗಡಿಯಾರ ನೋಡಿ, ಬೇಗ ಹೇಳಿ ಅಮ್ಮ, ಎಂದರು. ಸೆಂಡಕ್ಕ ಕಡುಬಿನ ಬುಟ್ಟಿಯಿಂದ ಆ ರಬ್ಬರ್ ಚೀಲ ತೆಗೆದು ಅವರ ಮುಂದಿಟ್ಟಳು.

"ಇದನ್ನ ಒತ್ತಿ, ಬಿಡಿ, ಒತ್ತಿ, ಬಿಡಿ. ನಾನು ಹೇಳಿ ಮುಗಿಸೋವರೆಗೆ ನಿಲ್ಲಿಸ್ಬೇಡಿ."

ಅವರು ಅಕ್ಕಪಕ್ಕದವರತ್ತ ನಕ್ಕು, ತಮಾಷೆಗೆಂಬಂತೆ ಒತ್ತತೊಡಗಿದರು. ಸೆಂಡಕ್ಕ ಪ್ರಿಮೊ ಬಂದರಿನಲ್ಲಿ ಬಿದ್ದ ಸೋಮವಾರದಿಂದ ಶುರು ಮಾಡಿದಳು. ಅವಳು ಅಳಲಿಲ್ಲ, ದಯೆ ಎಂಬ ಮಾತನ್ನು ಆಡಲಿಲ್ಲ. ಲೂಸಿಂಗಳ ಹೆಸರು ಬರುವ ಹೊತ್ತಿಗೆ ಸಭೆಯಲ್ಲಿ ಆ ಚೀಲದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಧ್ಯಕ್ಷರು ಕೈ ಬದಲಾಯಿಸಿದರು. ಇನ್ನು ಸ್ವಲ್ಪ ಹೊತ್ತಿಗೆ ಕೈ ಸೋತು ಚೀಲವನ್ನು ಮೇಜಿನ ಮೇಲಿಡಲು ಹೋದರು.

"ಬಿಡ್ಬೇಡಿ ಸ್ವಾಮಿ," ಎಂದ ಡೆಲ್ಫಿನ್, ಹಿಂದಿನ ಸಾಲಿನಿಂದ. "ಇನ್ನೂ ಉಸಿರಿದೆ."