ಕೆಳಗಿನ ಮಹಡಿಗಳು

ಪಕ್ಕದ ಮನೆಯಿಂದ ಮತ್ತೆ ನಗು ಕೇಳಿಸಿತು. ಮೊದಲು ಟೀಚರಮ್ಮನದು, ಅದರ ಬೆನ್ನಿಗೇ ಲೆಕ್ಕದ ಪಾಠಕ್ಕೆ ಹೋಗಿದ್ದ ತನ್ನ ಗಂಡನದು. ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದವಳು ಅವನ ಅಂಗಿಯನ್ನು ಇನ್ನೊಂದು ಸುತ್ತು ಜೋರಾಗಿ ತಿರುಚಿದಳು. ಲೆಕ್ಕದಲ್ಲಿ ನಗುವಂಥದ್ದೇನಿರುತ್ತದೆ?

ಅವನು ಲಿಫ್ಟ್ ರಿಪೇರಿಯವನು. ಹತ್ತನೇ ತರಗತಿ ಪಾಸಾದರೆ ಸೂಪರ್‌ವೈಸರ್ ಮಾಡುತ್ತೇವೆಂದು ಕಂಪನಿಯವರು ಹೇಳಿದ ಮೇಲೆ, ಪ್ರತಿ ಭಾನುವಾರ ಬೆಳಿಗ್ಗೆ ನೀಟಾಗಿ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಪಕ್ಕದ ಮನೆಗೆ ಪಾಠಕ್ಕೆ ಹೋಗುತ್ತಿದ್ದ. ಟೀಚರಮ್ಮ ಚೆಲುವೆ, ಅದಿರಲಿ. ಹತ್ತನೇ ತರಗತಿಯ ಗಣಿತದಲ್ಲಿ ತೊಂಬತ್ತೊಂದು ತೆಗೆದ ಹೆಂಡತಿ ಹನ್ನೆರಡು ವರ್ಷದಿಂದ ಒಂದೇ ಸೂರಿನಡಿ ಇದ್ದಾಳೆ, ಅವಳನ್ನು ಒಂದು ಮಾತು ಕೇಳಬೇಕೆಂದು ಇವನಿಗೆ ಅನ್ನಿಸಲೇ ಇಲ್ಲವಲ್ಲ! ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಅಲ್ಲಿ.

ಮೊನ್ನೆ ಗುರುವಾರ ಅವನು ಮನೆಯಲ್ಲಿ ನೋಟ್‌ಬುಕ್ಕಿನ ಮುಂದೆ ತಲೆ ಕೆರೆದುಕೊಳ್ಳುತ್ತ ಕೂತಿದ್ದ. ಮೈನಸ್ ಎರಡಕ್ಕೆ ಐದು ಕೂಡಿಸಬೇಕು. ಏಳು ಎಂದು ಬರೆದು, ಹೊಡೆದುಹಾಕಿ, ಮೈನಸ್ ಏಳು ಎಂದು ಬರೆದಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ರೀ, ನೆಲಮಹಡಿ ಸೊನ್ನೆ ಅಂದ್ಕೊಳ್ಳಿ. ಎರಡನೇ ಬೇಸ್‌ಮೆಂಟಲ್ಲಿ ಲಿಫ್ಟ್ ನಿಂತಿದೆ. ಐದು ಮಹಡಿ ಮೇಲಕ್ಕೆ ಹೋದ್ರೆ?"

"ಮೂರನೇ ಮಹಡಿ," ಎಂದ, ತಲೆ ಎತ್ತದೆ. ಆಮೇಲೆ ಎತ್ತಿದ.

ಈಗ ಬಾಲ್ಕನಿಗೆ ಟೀಚರಮ್ಮನ ದನಿ ಸ್ಪಷ್ಟವಾಗಿ ಬಂತು. "ಲಿಫ್ಟು! ಎಷ್ಟು ಚೆನ್ನಾಗಿ ಹೇಳಿದ್ರಿ! ನನಗೇ ಹೊಳೆದಿರ್ಲಿಲ್ಲ. ಯಾರು ಹೇಳ್ಕೊಟ್ರು?"

ಬಟ್ಟೆ ಹಿಂಡುತ್ತಿದ್ದ ಅವಳ ಕೈ ನಿಂತಿತು.

"ಯಾರು ಹೇಳ್ಕೊಡ್ತಾರೆ ಮೇಡಂ? ದಿನಾ ಮಾಡೋ ಕೆಲಸ ಅಲ್ವಾ, ಹಾಗೇ ಹೊಳೀತು."

ಅಂಗಿಯನ್ನು ಬಕೆಟ್ಟಿಗೆ ಎಸೆದು, ಒದ್ದೆ ಕೈಯಲ್ಲೇ ಹೋಗಿ ಪಕ್ಕದ ಮನೆಯ ಬಾಗಿಲು ಬಡಿದಳು. ಸಕ್ಕರೆ ಕೇಳಲು ಬಂದೆ ಎನ್ನೋಣವೆಂದುಕೊಂಡಿದ್ದಳು. ಬಾಗಿಲು ತೆರೆದಾಗ ಬಾಯಿಂದ ಬಂದದ್ದೇ ಬೇರೆ.

"ಮೇಡಂ, ಮೈನಸ್ ಒಂದೂ ಮೈನಸ್ ಎರಡೂ ಕೂಡಿಸೋಕೆ ಹೇಳಿ ಇವರಿಗೆ."

ಗಂಡ ತಬ್ಬಿಬ್ಬಾದ. "ಮೈನಸ್ಸು ಮೈನಸ್ಸು ಸೇರಿದ್ರೆ ಪ್ಲಸ್ಸು. ಮೂರು."

"ಮೊದಲ್ನೇ ಬೇಸ್‌ಮೆಂಟಲ್ಲಿ ಇದ್ದೋರು ಇನ್ನೂ ಎರಡು ಕೆಳಗಿಳಿದು ಮೂರನೇ ಮಹಡಿಗೆ ಬರ್ತೀರಾ? ಅದ್ಯಾವ ಲಿಫ್ಟು, ನಮಗೂ ಸ್ವಲ್ಪ ತೋರ್ಸಿ!"

ಅವನ ಕಿವಿ ಕೆಂಪಾಯಿತು. ಟೀಚರಮ್ಮ ಇಬ್ಬರನ್ನೂ ನೋಡಿದಳು. "ಹಾಗಾದ್ರೆ ಲಿಫ್ಟು ಇವರು ಹೇಳ್ಕೊಟ್ಟಿದ್ದು?"

"ಹೂಂ. ಇವಳೇ."

"ಮನೇಲಿ ಇವರನ್ನ ಇಟ್ಕೊಂಡು ನನ್ನ ಹತ್ರ ಯಾಕೆ ಬರ್ತೀರಿ?"

ಅವನು ಪೆನ್ಸಿಲ್ಲಿನ ತುದಿ ನೋಡುತ್ತ ಕೂತ. "ನಿಮ್ಮೆದುರು ತಪ್ಪಾದ್ರೆ ಏನೂ ಅನ್ನಿಸಲ್ಲ ಮೇಡಂ," ಎಂದ ಕೊನೆಗೆ. "ಇವಳೆದುರು ತಪ್ಪು ಮಾಡೋಕೆ ನಾಚಿಕೆ."

ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದು ತಂದು, ಅವರಿಬ್ಬರ ನಡುವೆ ಸರಿಯಾಗಿ ಹಾಕಿ ಕೂತಳು.

"ಮುಂದಿನ ಲೆಕ್ಕ ಯಾವುದು?"

ಮೇಜು ಸಣ್ಣದು. ಮೊಣಕೈ ಊರಲು ಜಾಗ ಸಾಲದೆ ಗಂಡ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದ.